ವಿಮಾನ ಬಿದ್ದಾಗ ಹುಳ ಸೊಪ್ಪು ಬಿಟ್ಟಿದ್ದು

ಮೊಮ್ಮಗಳು ಹೆತ್ತಿದ್ದಾಳೆ, ಹೆಣ್ಣು ಕೂಸು. ಮೂರು ದಿನದಿಂದ ನನಗೆ ಊಟ ಬೇಕು ಅನಿಸಿಲ್ಲ, ಅಷ್ಟು ಹಿಗ್ಗು. ಬಾಣಂತಿ ಕೋಣೆ ಬಾಗಿಲಲ್ಲೇ ಕೂತು ಬಂದವರನ್ನೆಲ್ಲ ಎಲ್ಲಿಂದ ಬಂದ್ರಿ, ಕಾಲು ತೊಳೆದ್ರಾ ಅಂತ ಕೇಳ್ತಿದ್ದೀನಿ. ನಮ್ಮತ್ತೆಯೂ ಹೀಗೇ ಬಾಗಿಲು ಕಾಯ್ತಿದ್ದರು, ಆದರೆ ಕೂಸಿಗಲ್ಲ, ರೇಷ್ಮೆ ಹುಳಕ್ಕೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ಮಕ್ಕಳು ತಿದ್ದಿಕೊಳ್ಳಲಿ.

ಮಹಾರಾಜರ ಕಾಲ, ಯುದ್ಧ ನಡೀತಿತ್ತು. ಮಾಗಡಿ ಸೀಮೆಯ ಆ ಊರಿಗೆ ನಾನು ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ, ಸೋಲ್ಜರುಗಳು ಹಾರಾಟ ಕಲಿಯುತ್ತಿದ್ದ ಬಾಂಬು ವಿಮಾನ ನಮ್ಮ ಹಿಪ್ಪುನೇರಳೆ ತೋಟದ ಪಕ್ಕದ ಬೀಳು ಹೊಲಕ್ಕೆ ಬಿತ್ತು. ಒಳಗಿದ್ದವರು ಯಾರೂ ಉಳಿಯಲಿಲ್ಲ. ಊರೇ ಓಡಿತು. ಅತ್ತೆ ಮಾತ್ರ, "ನಮ್ಮನೇರು ಯಾರೂ ಹೋಗಕೂಡದು. ಸಾವಿನ ಸೂತಕ ಹುಳಕ್ಕೆ ತಟ್ತದೆ" ಅಂದರು.

ನಾನು ನೀರಿಗೆ ಅಂತ ಕೊಡ ಎತ್ತಿಕೊಂಡು ಹೋಗಿ ನೋಡಿಬಂದೆ. ತಲೆಗೂ ನೀರು ಹಾಕಿಕೊಳ್ಳದೆ ಹುಳಕ್ಕೆ ಸೊಪ್ಪು ಹಾಕಿದೆ.

ಮೂರನೇ ದಿನ ಹುಳ ಸೊಪ್ಪು ಮುಟ್ಟಲಿಲ್ಲ. ಇನ್ನು ವಾರದಲ್ಲಿ ಗೂಡು ಕಟ್ಟೋ ಹುಳ, ತಲೆ ಆ ಕಡೆ ಈ ಕಡೆ ಆಡಿಸ್ತಾ ಸುಮ್ಮನಿದ್ದವು. ಅತ್ತೆ ಎಲ್ಲರ ಕಾಲು ನೋಡಿದರು, ನನ್ನ ಗಂಡನ ಅಂಗಿ ಮೂಸಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಅವತ್ತು ನೀರು ತರೋದು ಯಾಕಮ್ಮಿ ತಡ ಆಯ್ತು?"

"ಬಾವಿ ತಾವ ಜನ ಇದ್ರು."

"ಜನ ಎಲ್ಲ ವಿಮಾನದ ತಾವಿದ್ರು. ಬಾವಿ ತಾವ ಯಾರಿದ್ರು?"

ನಾನು ಒಣಗಿದ ಸೊಪ್ಪು ಬಳಿಯೋಕೆ ಬಗ್ಗಿದೆ.

"ಯಾರ ಕೆಲಸ ಅಂತ ತಿಳೀಲಿ, ತವರಿಗೆ ಅಟ್ಬುಡ್ತೀನಿ."

ನನ್ನಿಂದಲೇ ಹೀಗಾಯ್ತು ಅಂತ ನಾನೂ ನಂಬಿದ್ದೆ. ಆದರೂ ಒಂದು ಮಾತು ಕೊರೀತಿತ್ತು. ಅವತ್ತು ತೋಟದ ಅಂಚಿನ ಸಾಲುಗಳ ಮೇಲೆ ವಿಮಾನದ ಎಣ್ಣೆ ಎರಚಿ ಮಿರಮಿರ ಅಂತಿದ್ದದ್ದನ್ನ ಕಂಡಿದ್ದೆ. ಈಗ ಸೊಪ್ಪು ಬರ್ತಿದ್ದದ್ದು ಆ ಸಾಲುಗಳಿಂದಲೇ. ಊರೆಲ್ಲ ಸುಟ್ಟ ವಾಸನೆ ಇದ್ದಾಗ ಸೊಪ್ಪನ್ನ ಯಾರು ಮೂಸ್ತಾರೆ? ಹೇಳಿದರೆ ನಾನು ಸಿಕ್ಕಿಬೀಳ್ತೀನಿ, ಹೇಳದಿದ್ದರೆ ಹುಳ ಸಾಯ್ತವೆ. ಹುಳ ಸಾಕೋ ಬಿದಿರಿನ ತಟ್ಟೆ ಮುಂದೆ ನಿಂತು ನೋಡಿದೆ. ತಡೆಯಲಾಗಲಿಲ್ಲ.

"ಅತ್ತೆಮ್ಮ, ಈ ಸೊಪ್ಪಿನ ಮ್ಯಾಲೆ ವಿಮಾನದ ಎಣ್ಣೆ ಬಿದ್ದೈತೆ."

"ನಿಂಗ್ಯಾರಂದ್ರು?"

"ನಾನೇ ನೋಡ್ದೆ."

ಅತ್ತೆ ಒಂದು ಎಲೆ ಉಜ್ಜಿ ಮೂಸಿದರು. ಆಮೇಲೆ ಮಗನಿಗೆ, "ನಶ್ಯ ಏರಿಸೋ ಮೂಗಿಟ್ಕೊಂಡು ಸೊಪ್ಪು ಕುಯ್ಯಕ್ಕೋಗ್ತೀಯಲ್ಲ, ಹೋಗು, ಆಚೆ ತೋಟದ್ದು ತತ್ತಾ" ಅಂದರು. ನನಗೆ, "ತಲೆಗೆ ನೀರು ಹಾಕ್ಕೊಂಡು ಜಗಲೀಲಿ ಕೂತ್ಕೊ" ಅಂದರು.

ತವರಿನ ದಾರಿ ಲೆಕ್ಕ ಹಾಕುತ್ತಾ ಕೂತಿದ್ದೆ. ಸಂಜೆ ಹೊತ್ತಿಗೆ ಒಳಗಿಂದ ಹುಳ ಸೊಪ್ಪು ಮೇಯೋ ಸದ್ದು ಕೇಳಿಸಿತು. ಅತ್ತೆ ಕರೆದು ಕೈಗೆ ಸೊಪ್ಪಿನ ಮಂಕರಿ ಕೊಟ್ಟರು. ಇಬ್ಬರೂ ನಾಲ್ಕು ತಟ್ಟೆಗೆ ಹಾಕಿದೆವು. ಐದನೇದಕ್ಕೆ ಬಗ್ಗಿದಾಗ ಮೆಲ್ಲಗೆ ಕೇಳಿದರು:

"ಎಷ್ಟುದ್ದ ಇತ್ತಮ್ಮಿ ಆ ವಿಮಾನ?"

"ನಮ್ಮನೆಗಿಂತ ಉದ್ದ ಅತ್ತೆಮ್ಮ."

"ಸುಳ್ಳಾಡಬ್ಯಾಡ" ಅಂದರು.