ಅತ್ತೆ ಎತ್ತಿದ ಕಾರ್ಡು

“ಅತ್ತಿ, ಈ ಕಾರ್ಡಿನಾಗ ಕುರ್ಚಿ ಮ್ಯಾಲ ಕುಂತ ರಾಣಿ ಅಂದ್ರ ನೀವ ರೀ. ಸೊಸಿನ್ನ ವಾರಕ್ಕೊಮ್ಮೆ ಹೊರಗ ಬಿಟ್ರ ರಾಣಿ ಮೊಣಕಾಲ ಬ್ಯಾನಿ ಇಳೀತೈತಿ ಅಂತ ಇದರ ಅರ್ಥ. ನಾ ಹೇಳಾಕತ್ತಿಲ್ರಿ, ಕಾರ್ಡು ಹೇಳಾಕತ್ತೈತಿ.”

ಮುಂಡರಗಿಯ ನಾಗರತ್ನಾ ಹೀಗೆನ್ನುವಾಗ, ಅವಳ ಜೊತೆ ಗುರುವಾರಕ್ಕೊಮ್ಮೆ ಕೂಡಿ ಭವಿಷ್ಯದ ಕಾರ್ಡು ಓದಲು ಕಲಿಯುವ ಗೆಳತಿಯರು ಸೆರಗನ್ನು ಬಾಯಿಗೊತ್ತಿಕೊಂಡರು. ಮನೆಗೆಲಸ ಬಿಟ್ಟು ಬರುವ ಸೊಸೆಗೆ ಈ ಕಲಿಕೆಯನ್ನೇ ಬಿಡಿಸಬೇಕೆಂದು ಅತ್ತೆ ಬಸವಣ್ಣೆವ್ವ ಬೆನ್ನಹಿಂದೆಯೇ ಬಂದಿದ್ದಳು.

ಅತ್ತೆ ತಾನೂ ಒಂದು ಕಾರ್ಡು ಎತ್ತಿದಳು. ಅದರಲ್ಲಿ ಕಟ್ಟಿಗೆ ಹೊರೆ ಹೊತ್ತ ಗಂಡಸಿದ್ದ.

“ಇದರಾಗ ದುಡಿಯಾಂವ ಗಂಡಸು ಅದಾನ. ಅಂದ್ರ ಗುರುವಾರ ಭಾಂಡಿ ನನ್ನ ಮಗ ತಿಕ್ಕಬೇಕು. ನೀ ಕಲಿ. ನಾನೂ ಬರ್ತೇನಿ, ರಾಣಿಗೆ ಮನ್ಯಾಗ ಬ್ಯಾಸರ ಆಗೈತಿ.”

ಮುಂದಿನ ಗುರುವಾರ ಮಗ ವೀರೇಶ ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ತಳ ಹತ್ತಿದ ಹಾಲಿನ ಬೋಗುಣಿ ತಿಕ್ಕುತ್ತಿದ್ದ.