ಕಿಚ್ಚಿನ ಮುಂದೆ ನಿಂತವಳು

ಅವಳ ಬಲಗಾಲಿನ ಹೆಬ್ಬೆರಳು ಹೊರಗಡೆಗೆ ತಿರುಗಿ ಕೂತಿತ್ತು. ಹರೆಯದಲ್ಲಿ ಎತ್ತು ತುಳಿದದ್ದು. ಯಾವ ಚಪ್ಪಲಿಯೂ ಹಿಡಿಯುತ್ತಿರಲಿಲ್ಲ. ಹಾಗಾಗಿ ಹೊಲಕ್ಕೂ, ದೊಡ್ಡಮಳೂರಿನ ದೇವಸ್ಥಾನಕ್ಕೂ, ಪೊಲೀಸ್ ಠಾಣೆಗೂ ಬರಿಗಾಲಲ್ಲೇ ಹೋದಳು. ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಗಂಡಂದಿರು ಇಬ್ಬರೂ ತೀರಿಕೊಂಡ ಮೇಲೆ ನಮಗೆ ಉಳಿದದ್ದು ಒಂದೇ ಮನೆ, ಒಂದೇ ಕೊಟ್ಟಿಗೆ, ಒಂದು ಜೊತೆ ಎತ್ತು. ಯಜಮಾನಿಕೆ ಅವಳದು.

ದನದ ಮೇಲೆ ಅವಳಿಗೆ ಪ್ರೀತಿ ಉಕ್ಕುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಮೈ ಸವರಿ ಮುದ್ದು ಮಾಡಿದ್ದನ್ನು ನಾನು ಕಂಡಿಲ್ಲ. ಬೈಯುತ್ತಲೇ ಹುಲ್ಲು ಹಾಕುವಳು. ಆದರೆ ನೋಯಿಸಿದವರನ್ನು ಬಿಡುತ್ತಿರಲಿಲ್ಲ. ಒಮ್ಮೆ ವಿರೂಪಾಕ್ಷಿಪುರದ ರಸ್ತೆಯಲ್ಲಿ ಒಬ್ಬ ಎತ್ತಿನ ಬಾಲ ತಿರುಚಿ ಗಾಡಿ ಓಡಿಸುತ್ತಿದ್ದ. ಇವಳು ಅಡ್ಡ ನಿಂತಳು.

"ಇಳಿಯಪ್ಪ ಕೆಳಕ್ಕೆ. ನಿನ್ ಕಿವಿ ಕೊಡು, ನಾನೂ ಒಸಿ ತಿರುಚ್ತೀನಿ. ನೀನೆಷ್ಟು ಜೋರಾಗಿ ಓಡೀಯೆ ನೋಡುವ."

ಅವನು ಇಳಿದು ಎತ್ತಿನ ಪಕ್ಕದಲ್ಲಿ ನಡೆದ. ಊರು ಆಡಿಕೊಂಡಿತು: "ರೇಷ್ಮೆ ಗೂಡು ಮಾರಿ ಉಣ್ಣೋಳು ದನಕ್ಕೆ ವಕೀಲಿಕೆ ಮಾಡ್ತಾಳೆ. ಹುಳ ಬೇಯಿಸಿದ್ರೆ ಪಾಪ ಇಲ್ವಾ?"

"ಐತೆ," ಅಂದಳು ಅಕ್ಕ. "ಒಂದು ಪಾಪ ಮಾಡ್ದೋರು ಎಲ್ಲಾ ಪಾಪಾನೂ ಮಾಡ್ಬೇಕಾ?"

ನಮ್ಮ ಕಡೆ ಸಂಕ್ರಾಂತಿಯ ಸಂಜೆ ಊರ ಮುಂದೆ ಹುಲ್ಲು ಹರಡಿ, ಬೆಂಕಿ ಹಚ್ಚಿ, ದನಗಳನ್ನು ದಾಟಿಸುತ್ತಾರೆ. ಇದೇ ಕಿಚ್ಚು ಹಾಯಿಸುವುದು. ಮೈಗೆ ಕಚ್ಚಿದ ಉಣ್ಣೆಹುಳ ಉದುರುತ್ತದೆ, ರೋಗ ಹೋಗುತ್ತದೆ ಎನ್ನುತ್ತಾರೆ. ನಮ್ಮೂರಿನಲ್ಲಿ ಮೊದಲ ಸರದಿ ನಮ್ಮ ಮನೆಯ ಜೋಡಿಯದು. ಅದು ದಾಟದೆ ಬೇರೆ ಮನೆಯ ಒಂದು ಕರುವೂ ದಾಟುವಂತಿಲ್ಲ. ದಾಟಿದರೆ ಊರಿನ ದನಕ್ಕೆಲ್ಲ ಕೇಡು ಎಂಬ ಭಯ. ನಾನು ಮದುವೆಯಾಗಿ ಬಂದಾಗ ತೆಳ್ಳಗೆ ಹುಲ್ಲು ಹಾಕುತ್ತಿದ್ದರು, ಉರಿ ಮೊಣಕಾಲಿಗೂ ಬರುತ್ತಿರಲಿಲ್ಲ. ಆಮೇಲೆ ಮೊಬೈಲ್ ಬಂತು. ಉರಿ ಎತ್ತರ ಎದ್ದರೆ ವಿಡಿಯೊ ಚೆನ್ನಾಗಿ ಬರುತ್ತದಂತೆ. ಒಂದು ವರ್ಷ ಹುಲ್ಲಿನ ಮೇಲೆ ಪೆಟ್ರೋಲ್ ಸುರಿದರು. ಸುರಿದವನು ನನ್ನ ಮಗ.

ಬೆಂಕಿ ಆಳೆತ್ತರ ಎದ್ದಿತು. ಎಡಗಡೆಯ ಎತ್ತು ಬೆದರಿ ಕಾಲೂರಿ ನಿಂತಿತು. ಮುಂದಿದ್ದವರು ಮೂಗುದಾರ ಜಗ್ಗಿದರು, ಹಿಂದಿದ್ದವರು ಬಾರಿಸಿದರು. ಎತ್ತು ಮಂಡಿಯೂರಿ ಉರಿಯೊಳಗೇ ಬಿತ್ತು. ಜನ ಇನ್ನೂ ಜಗ್ಗುತ್ತಲೇ ಇದ್ದರು. ಅಕ್ಕ ನುಗ್ಗಿ, ಸೊಂಟದಲ್ಲಿದ್ದ ಕುಡುಗೋಲಿನಿಂದ ಮೂಗುದಾರ ಕೊಯ್ದಳು. ಎಳೆತ ತಪ್ಪಿದ್ದೇ ತಡ, ಅದು ಹೊರಳಿ ಈಚೆ ಬಂತು. ಹೊಟ್ಟೆಯ ತೊಗಲು ಬೆಂದಿತ್ತು. ಹಬ್ಬದ ದಿನ ಮೂಗುದಾರ ಕೊಯ್ದಳಲ್ಲ, ಅಪಶಕುನ, ಎಂದು ಎಲ್ಲರೂ ಗೊಣಗಿದರು. ಬೆಂದ ಹೊಟ್ಟೆಯ ಮಾತನ್ನು ಯಾರೂ ಎತ್ತಲಿಲ್ಲ.

ಬೆಳಿಗ್ಗೆ ದನದ ಡಾಕ್ಟ್ರಮ್ಮ ಬಂದು ಸೂಜಿ ಹಾಕಿ ಮುಲಾಮು ಕೊಟ್ಟು ಹೋದರು. ಅವರು ಹೋದ ಹಿಂದೆಯೇ ಅಕ್ಕ ಬಸ್ ಹತ್ತಿ ಠಾಣೆಗೆ ಹೋಗಿ ನನ್ನ ಮಗನ ಹೆಸರು ಬರೆಸಿದಳು. ಅಲ್ಲಿ ನಡೆದದ್ದನ್ನು ಪೇದೆಯೇ ಆಮೇಲೆ ನಗುತ್ತಾ ಹೇಳಿದ. "ಅಜ್ಜಿ, ಮನುಷ್ಯರ ಕೇಸೇ ಮುಗೀತಿಲ್ಲ, ನೀನು ಎತ್ತಿಂದು ತಂದಿದ್ದೀಯಲ್ಲ" ಎಂದನಂತೆ.

"ಎತ್ತು ಬಸ್ ಹತ್ತಕ್ಕಾಗಲ್ಲ ಕಣಪ್ಪ. ಅದಕ್ಕೇ ನಾನು ಬಂದೆ."

ಬರೆದುಕೊಳ್ಳುವ ತನಕ ಬೆಂಚು ಬಿಟ್ಟು ಏಳಲಿಲ್ಲವಂತೆ. ಕೊನೆಗೆ ಬಿದ್ದ ದಂಡ ಹೋಟೆಲಿನ ತಿಂಡಿಯಷ್ಟು. ಆ ಕಾನೂನು ಬರೆದವರು ಸುಟ್ಟ ಎತ್ತನ್ನು ನೋಡಿರಲಾರರು. ಮಗ ದಂಡ ಕಟ್ಟಿ ನಗುತ್ತಲೇ ಮನೆಗೆ ಬಂದ. ಅಕ್ಕ ಮುಲಾಮಿನ ಡಬ್ಬಿಯನ್ನು ಅವನ ಕೈಗೆ ತುರುಕಿದಳು.

"ದಂಡ ಕಟ್ಟಾಯ್ತಲ್ಲ ದೊಡ್ಡವ್ವ!"

"ಅದು ಸರ್ಕಾರಕ್ಕೆ. ಎತ್ತಿಗೇನು ಕಟ್ದೆ? ಹೋಗು, ಹಚ್ಚು."

ಅವನ ವಾಸನೆ ಬಂದರೆ ಸಾಕು, ಎತ್ತು ಒದೆಯುತ್ತಿತ್ತು. ಒದೆಸಿಕೊಂಡು ಹಚ್ಚಿದ. ಗಾಯ ಮಾಯುವ ತನಕ ಹಚ್ಚಿಸಿದಳು.

ನಾನು ಅವಳೊಂದಿಗೆ ಮಾತು ಬಿಟ್ಟೆ. ನಾನು ಹೆತ್ತ ಮಗನನ್ನು ಠಾಣೆ ಹತ್ತಿಸಿದವಳ ಜೊತೆ ಹೇಗೆ ಮಾತಾಡಲಿ? ಹಾಗೆ ಮಾತು ಬಿಟ್ಟದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅವಳೂ ಸಮಾಧಾನ ಹೇಳಲು ಬರಲಿಲ್ಲ. ಬೆಳಿಗ್ಗೆ ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ ಹೋಗುವಳು. ನಾನು ಕುಡಿಯುತ್ತಿದ್ದೆ.

ಮತ್ತೆ ಸಂಕ್ರಾಂತಿ ಬಂತು. ಇವಳು ಎತ್ತು ಹೊರಡಿಸುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಎಲ್ಲರಿಗಿಂತ ಮುಂಚೆ ಜೋಡಿಯನ್ನು ಹಿಡಿದುಕೊಂಡು ಬಂದಳು. ಊರ ಯಜಮಾನರಿಗೆ ಸಂತೋಷವಾಯಿತು. ಹುಲ್ಲಿಗೆ ಬೆಂಕಿ ಇಟ್ಟರು. ಇವಳು ಹಗ್ಗ ಹಿಡಿದು ಅದರ ಮುಂದೆ ನಿಂತಳು. ನಿಂತೇ ಇದ್ದಳು. ಹಿಂದೆ ಊರಿನ ದನವೆಲ್ಲ ಸಾಲುಗಟ್ಟಿತ್ತು.

"ಹಾಯಿಸವ್ವ, ಉರಿ ಇಳೀತೈತೆ," ಎಂದರು ಯಜಮಾನರು.

"ಇಳೀಲಿ ತಡೀರಿ ಯಜಮಾನ್ರೇ. ನಮ್ಮ ಸರದಿ ತಾನೆ? ನಮ್ಗಿನ್ನೂ ಹೊತ್ತಾಗಿಲ್ಲ."

ಹುಲ್ಲು ಪೂರ್ತಿ ಸುಟ್ಟಿತು. ಇನ್ನಷ್ಟು ತಂದು ಸುರಿದರು, ಅದೂ ಸುಟ್ಟಿತು. ಯಾರೋ ಬೈದರು, ಯಾರೋ ಶಿಳ್ಳೆ ಹೊಡೆದರು. ಬೂದಿ ತಣ್ಣಗಾದ ಮೇಲೆ ಬರಿಗಾಲಲ್ಲಿ ತಾನು ಮೊದಲು ತುಳಿದು ನೋಡಿ, ಆಮೇಲೆ ಎತ್ತುಗಳನ್ನು ನಡೆಸಿಕೊಂಡು ದಾಟಿದಳು. ಆ ಕಡೆ ಹೋಗಿ ತಿರುಗಿ, "ಹಾಯ್ದಾಯ್ತಲ್ಲ, ಬನ್ನಿ ಇನ್ನು," ಅಂದಳು.

ಮನೆಗೆ ಬಂದ ಮೇಲೆ ನಾನೇ ಮಾತಾಡಿಸಿದೆ. "ಕಾಲು ನೋಯ್ತಿಲ್ವೇನಕ್ಕ?"

"ನೋಯ್ತೈತೆ. ನೀರು ಕಾಯ್ಸು."

ಗೆದ್ದಳು ಎಂದು ನಾನು ಹೇಳುವುದಿಲ್ಲ. ಊರ ಮುಂದೆ ಪ್ರತಿ ವರ್ಷ ಬೂದಿಯ ಮೇಲೇ ದಾಟಿಸಿದಳು, ನಿಜ. ಆದರೆ ಕೆಲವು ಹುಡುಗರು ಬಸ್ ನಿಲ್ಲುವ ಕಡೆ ಬೇರೆ ಕಿಚ್ಚು ಹಚ್ಚಿದರು. ಅಲ್ಲಿ ಯಾರ ಸರದಿಯೂ ಇಲ್ಲ. ಅಕ್ಕ ಅಲ್ಲಿಗೂ ಹೋದಳು. ತಳ್ಳಿದರು, ಬಿದ್ದಳು, ಮೊಣಕೈ ತರಚಿತು. ಪೆಟ್ರೋಲ್ ಡಬ್ಬ ಮಾತ್ರ ಕಿತ್ತುಕೊಂಡು ಬಂದಳು. ಈಗಲೂ ಅಲ್ಲಿ ಉರಿಯಲ್ಲೇ ಹಾಯಿಸುತ್ತಾರೆ. ಅಲ್ಲಿಗೆ ಹೋಗುವ ಮನೆಗಳು ಕಡಿಮೆಯಾಗಿವೆ, ಕಿಚ್ಚು ನಿಂತಿಲ್ಲ.

ಹೋದ ಕಾರ್ತೀಕದಲ್ಲಿ ಜ್ವರ ಬಂದು ಅಕ್ಕ ತೀರಿಕೊಂಡಳು. ಕೊನೆಗೆ ಏನಾದರೂ ಹೇಳಿದಳೇ ಎಂದು ಬಂದವರೆಲ್ಲ ಕೇಳಿದರು. ಏನೂ ಹೇಳಲಿಲ್ಲ. ನೀರು ಕೇಳಿದಳು, ಕೊಟ್ಟೆ.

ಸಂಕ್ರಾಂತಿಯ ಬೆಳಿಗ್ಗೆ ಯಜಮಾನರು ಮನೆಗೆ ಬಂದರು. ದನಿ ಬೆಣ್ಣೆಯಂತಿತ್ತು. "ಸಾವಾದ ಮನೆ ಕಣವ್ವ. ವರ್ಷ ತುಂಬೋಗಂಟ ನೀವು ಹಬ್ಬ ಮಾಡಂಗಿಲ್ಲ. ಈ ಸಲ ಸರದಿ ಬೇರೆಯೋರಿಗೆ ಬುಟ್ಕೊಡು." ಬೇರೆಯವರು ಎಂದರೆ ಯಾರು, ಹುಲ್ಲು ಎಷ್ಟು, ಎಲ್ಲ ಆಗಲೇ ಗೊತ್ತುಮಾಡಿದ್ದರು.

"ಹಬ್ಬ ಮಾಡಲ್ಲ ಬುಡಿ," ಅಂದೆ. ನೆಮ್ಮದಿಯಾಗಿ ಹೋದರು.

ಸಂಜೆ ಎತ್ತುಗಳನ್ನು ಬಿಚ್ಚಿದೆ. ಅರಿಶಿನವಿಲ್ಲ, ಬಣ್ಣವಿಲ್ಲ, ಹೂವಿಲ್ಲ. ನಾನು ಎಡಗಡೆಯದನ್ನು ಹಿಡಿದೆ. ಮಗ ಬಂದು ಬಲಗಡೆಯದನ್ನು ಹಿಡಿದ. ಬಾ ಎಂದು ನಾನು ಅವನಿಗೆ ಹೇಳಿರಲಿಲ್ಲ. ಸಾಲಿನ ಪಕ್ಕದಲ್ಲೇ ಮುಂದಕ್ಕೆ ಹೋದೆವು. ಜನ ಮೈ ತಾಗದಂತೆ ಸರಿದು ದಾರಿ ಬಿಟ್ಟರು.

"ಹಬ್ಬ ಮಾಡಲ್ಲ ಅಂದಿದ್ಯಲ್ಲವ್ವ!" ಯಜಮಾನರ ದನಿಯಲ್ಲಿ ಬೆಣ್ಣೆ ಉಳಿದಿರಲಿಲ್ಲ.

"ಮಾಡ್ತಿಲ್ಲ. ಎಳ್ಳೂ ಬೀರಿಲ್ಲ, ಹೂವೂ ಮುಡಿಸಿಲ್ಲ. ಬರೀ ನಿಂತ್ಕೊಳ್ಳಕ್ಕೆ ಬಂದೆ."

"ಊರಿಗೆ ಸೂತಕ ತಟ್ಟುತ್ತೆ!"

"ತಟ್ಲಿ. ಮೈ ತೊಳ್ಕೊಂಡ್ರೆ ಹೋಯ್ತದೆ. ಬೆಂದ ತೊಗಲು ತೊಳುದ್ರೆ ಹೋಯ್ತದಾ?"

ಸಿಟ್ಟಿಗೆ ಹುಲ್ಲಿಗೆ ಬೆಂಕಿ ಇಟ್ಟರು. ನಮ್ಮನ್ನು ದಾಟಿ ಮುಂದೆ ಹೋಗಲು ಯಾರಿಗೂ ಕಾಲು ಬರಲಿಲ್ಲ. ಹಿಂದೆ ಯಾರೋ ಅಂದರು: "ಆವಮ್ಮ ಹೋದ್ಲು ಅಂದ್ಕೊಂಡ್ರೆ, ಈವಮ್ಮನ್ನ ಬುಟ್ಟೋಗವ್ಳೆ ಕಣ್ಲಾ."

ಹೌದು. ಬಿಟ್ಟುಹೋಗಿದ್ದಾಳೆ. ಉರಿ ಜೋರಾಗಿತ್ತು. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ನಿಂತೆ.