ಬಿರುಬಿಸಿಲಿನಲ್ಲಿ ಸ್ವೆಟರು

ಇವತ್ತು ಬೆಳಿಗ್ಗೆ ಕಿರಾಣಿ ಅಂಗಡಿಯ ಮುಂದೆ ನಿಂತವನು ಏನು ಕೊಳ್ಳಲು ಬಂದೆನೆಂಬುದನ್ನೇ ಮರೆತೆ. ಅಂಗಡಿಯವನು ನಕ್ಕು, "ವಯಸ್ಸಾತಲ್ರಿ ಸರ" ಅಂದ. ನೀವೂ ಯಾರಿಗಾದರೂ ಈ ಮಾತು ಹೇಳಿರುತ್ತೀರಿ. ನಾನಂತೂ ಹುನಗುಂದದ ನನ್ನ ಸೋದರಮಾವನಿಗೆ ಹೇಳಿದ್ದೇನೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾವ ಇಳಕಲ್–ಬಾಗಲಕೋಟೆ ಬಸ್ಸಿನ ಕಂಡಕ್ಟರ್ ಆಗಿದ್ದವರು. ಯಾರು ಎಲ್ಲಿ ಇಳಿಯುತ್ತಾರೆಂಬುದು ಅವರಿಗೆ ಬಾಯಿಪಾಠ. ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಮಾತು ನಿಧಾನವಾಯಿತು, ಹೆಸರುಗಳು ಮರೆತುಹೋದವು. ಒಮ್ಮೆ ನಾನು ಮನೆಯೊಳಗೆ ಕಾಲಿಡುತ್ತಲೇ, "ಎಲ್ಲಿಗ್ರಿ?" ಎಂದು ಕೇಳಿದರು. ನಾನು ಗೊಳ್ಳೆಂದು ನಕ್ಕೆ. ಅತ್ತೆ ನಗಲಿಲ್ಲ. "ಅಮೀನಗಡಕ್ಕ ಅನ್ನು" ಎಂದು ಪಿಸುಗುಟ್ಟಿದರು. ಅಂದೆ. ಮಾವ ಸಮಾಧಾನದಿಂದ ಸರಿದು ಜಾಗ ಕೊಟ್ಟರು.

ಇನ್ನೊಂದು ಸಂಜೆ ಅತ್ತೆಯನ್ನೇ ಕೇಳಿದರು: "ನೀವು ಯಾರ ಮನಿಯವರ್ರಿ? ನಿಮ್ಮ ಮನ್ಯಾಗ ದಾರಿ ನೋಡ್ತಿರಬೇಕಲ್ಲ?"

"ನಾ ಇಲ್ಲಿರೋದು ಅವರಿಗೆ ಗೊತ್ತೈತ್ರಿ. ನೀವು ಉಣ್ರಿ" ಅಂದರು ಅತ್ತೆ. ಆಮೇಲೆ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಎಂದಿಗಿಂತ ಜೋರಾಗಿತ್ತು.

ಇದು ಮರೆವಿನ ಕಾಯಿಲೆ, ಇದಕ್ಕೆ ಔಷಧವಿಲ್ಲ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗಷ್ಟೇ ಕಲಿತ ಅತ್ತೆ ಕೇಳಿದರು: "ಹಂಗಂತ ಡಾಕ್ಟರ್ ಹೇಳ್ಯಾರೋ, ನೀವ ಹೇಳಾಕತ್ತೀರೋ?"

ಕಂಡದ್ದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಅತ್ತೆ ಮಾವನನ್ನು ಕರೆದುಕೊಂಡು ಬಾಗಲಕೋಟೆಯ ಆಸ್ಪತ್ರೆಗೆ ಹೊರಟರು. ಜೊತೆಗೆ ನಾನೂ ಹೋದೆ. ಅತ್ತೆ ಬರೆದದ್ದನ್ನು ಓದುತ್ತಿದ್ದ ಡಾಕ್ಟರು ಒಂದು ಸಾಲಿನ ಹತ್ತಿರ ತಡೆದರು. "ಬ್ಯಾಸಗ್ಯಾಗೂ ಸ್ವೆಟರ್ ಬೇಡ್ತಾರ" ಎಂದಿತ್ತು. ಮಾವನ ಊದಿದ ಮುಖ ನೋಡಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಥೈರಾಯ್ಡ್ ಹಾರ್ಮೋನು ತೀರಾ ಕಡಿಮೆಯಾಗಿತ್ತು; ಚಳಿಗೂ ಮರೆವಿಗೂ ಅದೇ ಮೂಲ.

"ಎಲ್ಲಾ ಮರೆವೂ ವಾಸಿ ಆಗಂಗಿಲ್ರಿ. ಕೆಲವಕ್ಕ ಹಿಂಗ ಕಾರಣ ಸಿಗತೈತಿ, ಔಷಧಾನೂ ಇರತೈತಿ. ಎಷ್ಟು ತಿರುಗಿ ಬರತೈತೋ ಈಗ ಹೇಳಾಕ ಆಗೂದಿಲ್ಲ" ಅಂದರು ಡಾಕ್ಟರು.

ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಗುಳಿಗೆ. ಒಂದು ತಿಂಗಳು ಏನೂ ಆಗಲಿಲ್ಲ, ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಾವ ಸ್ವೆಟರು ಕಿತ್ತೆಸೆದು, "ಶಾಂತಾ, ಏನ್ ಸೆಕಿ ಐತಿದು!" ಅಂದರಂತೆ. ತಮ್ಮ ಹೆಸರು ಕೇಳಿ ಅತ್ತೆಗೆ ಅಳು ತಡೆಯಲಾಗಲಿಲ್ಲವಂತೆ.

ಎಲ್ಲವೂ ಮರಳಲಿಲ್ಲ. ಈಗಲೂ ಹೆಸರುಗಳಿಗೆ ತಡವರಿಸುತ್ತಾರೆ. ಕಾಯಿಲೆಯ ಆ ಎರಡು ವರ್ಷಗಳಂತೂ ಅವರ ಪಾಲಿಗೆ ಇಲ್ಲವೇ ಇಲ್ಲ.

ಇವತ್ತು ಅಂಗಡಿಯಿಂದ ಮನೆಗೆ ಬಂದವನು ಮಧ್ಯಾಹ್ನ ಹುನಗುಂದದ ಬಸ್ಸು ಹತ್ತಿದೆ. ಅತ್ತೆ ಹಿತ್ತಿಲಲ್ಲಿದ್ದರು. ಮಾವ ದನಿ ತಗ್ಗಿಸಿ, "ಆವಾಗ ನಾ ಹೆಂಗಿದ್ದೆ? ಆಕಿ ಹೇಳಂಗಿಲ್ಲ, ನೀ ಹೇಳು" ಅಂದರು. ಎಲ್ಲ ಹೇಳಿದೆ, ನಾನು ನಕ್ಕದ್ದನ್ನೂ. ಅತ್ತೆ ಒಳಗೆ ಬಂದೊಡನೆ ಮಾವ ಎದ್ದು, "ನೀ ಕುಂದ್ರು, ಚಾ ನಾ ಮಾಡ್ತೇನಿ" ಅಂದರು. ಮದುವೆಯಾದಾಗಿನಿಂದ ಅವರು ಒಲೆಯ ಹತ್ತಿರ ಹೋದವರಲ್ಲ.

ಸಕ್ಕರೆ ಹಾಕಿದ್ದು ಮರೆತು ಮತ್ತೆ ಹಾಕಿದ್ದರು. ಅತ್ತೆ ಒಂದು ಗುಟುಕು ಕುಡಿದು, "ಛಲೋ ಆಗೇತ್ರಿ" ಅಂದರು. ನಾನೂ ಹೌದೆಂದು ತಲೆಯಾಡಿಸಿ, ಕಪ್ಪು ಪೂರ್ತಿ ಖಾಲಿ ಮಾಡಿದೆ.